ಹಡಗು ತಾನಾಗಿ ನಡೆದೀತೆ?

ಬೆಂಗಳೂರಿನ ಉತ್ತರ ಅಂಚಿನಲ್ಲಿ, ಯಲಹಂಕ ಉಪನಗರದ ಮಗ್ಗುಲಲ್ಲಿರುವ ಅಟ್ಟೂರಿನಲ್ಲಿ ನಿಂತು ಹಡಗಿನ ಮಾತೆತ್ತಿದರೆ ಕೇಳಿದವರಿಗೆ ನಗು ಬಂದೀತು. ಅಲ್ಲಿ ನೀರೆಂದರೆ ಒಂದು ಕೆರೆ. ಸಮುದ್ರ ನೋಡಬೇಕೆಂದರೆ ಪೂರ್ವಕ್ಕೆ ಚೆನ್ನೈಗೋ ಪಶ್ಚಿಮಕ್ಕೆ ಮಂಗಳೂರಿಗೋ ಸುಮಾರು 350 ಕಿಲೋಮೀಟರು ಪ್ರಯಾಣ ಮಾಡಬೇಕು. ಸಾಲದ್ದಕ್ಕೆ ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿ.

ಆದರೂ ಅಟ್ಟೂರಿನಿಂದ ಎಂ.ಎಸ್. ಪಾಳ್ಯ, ಗಂಗಮ್ಮನ ಸರ್ಕಲ್ ಹಾದು ಜಾಲಹಳ್ಳಿಯ ಕಡೆಗೆ ಹೊರಟರೆ ಹತ್ತು ಕಿಲೋಮೀಟರಿನೊಳಗೆ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಸಿಗುತ್ತದೆ. ನಮ್ಮ ನೌಕಾಪಡೆಯ ಹಡಗುಗಳ ಕಣ್ಣಾದ ರೆಡಾರ್, ಕಿವಿಯಾದ ಸೋನಾರ್, ಅವು ತಂದ ಸುದ್ದಿಯನ್ನೆಲ್ಲ ಕೂಡಿಸಿ ಲೆಕ್ಕ ಹಾಕುವ ಗಣಕವ್ಯವಸ್ಥೆ ಇವೆಲ್ಲ ಸಿದ್ಧವಾಗುವುದು ಈ ಸಂಸ್ಥೆಯಲ್ಲಿ. ನಗರದ ಇನ್ನೊಂದು ದಿಕ್ಕಿನಲ್ಲಿರುವ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ, ಹೆಸರಿನಲ್ಲಿ ವಿಮಾನವಿದ್ದರೂ, ಯುದ್ಧನೌಕೆಗಳನ್ನು ಓಡಿಸುವ ಅನಿಲ ಟರ್ಬೈನುಗಳನ್ನು ಜೋಡಿಸಿ ಕೊಡುತ್ತದೆ. ಅಲೆಯ ಸದ್ದೇ ಕೇಳಿಸದ ಊರಿಗೂ ಹಡಗಿಗೂ ಈ ನಂಟು ಬಂದದ್ದು ಹೇಗೆ? ಹಡಗಿನ ಸ್ವಯಂಚಾಲನೆಯ ಚರಿತ್ರೆಯನ್ನು ತಿಳಿದರೆ ಇದಕ್ಕೆ ಉತ್ತರ ಸಿಗುತ್ತದೆ. ನಾವಿಕನಿಲ್ಲದ ಹಡಗು ಬರುತ್ತದೆಯೇ, ಬಂದರೆ ಒಳ್ಳೆಯದೇ ಎಂಬ ಪ್ರಶ್ನೆಗೂ ಅದೇ ಚರಿತ್ರೆಯಲ್ಲಿ ಸುಳಿವುಗಳಿವೆ.

ಕೈ, ಕಣ್ಣು ಮತ್ತು ಕೂಗು

ಹಡಗನ್ನು ನಡೆಸುವುದೆಂದರೆ ಮುಖ್ಯವಾಗಿ ಮೂರು ಕೆಲಸ. ಎಲ್ಲಿದ್ದೇವೆ ಎಂದು ತಿಳಿಯುವುದು ಒಂದು. ಎತ್ತ ಹೋಗಬೇಕೋ ಅತ್ತ ಮೂತಿ ತಿರುಗಿಸುವುದು ಎರಡು. ಎಷ್ಟು ವೇಗ ಬೇಕೋ ಅಷ್ಟು ಬಲವನ್ನು ಒದಗಿಸುವುದು ಮೂರು. ನಮ್ಮ ಕರಾವಳಿಯ ಹಾಯಿ ಹಡಗುಗಳಲ್ಲಿ, ಅಂದರೆ ಪತ್ತೆಮಾರಿ, ಮಂಜಿ, ಮಚ್ವೆಗಳಲ್ಲಿ, ಈ ಮೂರೂ ಕೆಲಸಗಳ ಒಡೆಯ ತಂಡೇಲನಾಗಿದ್ದ. ನಕ್ಷತ್ರ, ಗಾಳಿ, ನೀರಿನ ಬಣ್ಣ, ದಡದ ಗುಡ್ಡಗಳ ಸಾಲು ಇವನ್ನು ನೋಡಿ ಅವನು ಸ್ಥಳ ಹೇಳುತ್ತಿದ್ದ. ಅವನ ಮಾತು ಕೇಳಿದೊಡನೆ ಚುಕ್ಕಾಣಿ ಹಿಡಿದವನು ತಿರುಗಿಸುತ್ತಿದ್ದ, ಹಾಯಿ ಹಿಡಿದವರು ಹಗ್ಗ ಎಳೆಯುತ್ತಿದ್ದರು. ಅಳೆಯುವ ಕಣ್ಣು, ತೀರ್ಮಾನಿಸುವ ತಲೆ, ಕೆಲಸ ಮಾಡುವ ಕೈ ಎಲ್ಲವೂ ಒಂದೇ ಅಟ್ಟದ ಮೇಲೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದವು.

ಉಗಿಯಂತ್ರ ಬಂದಾಗ ಈ ಹತ್ತಿರ ಮುರಿಯಿತು. ಕಪ್ತಾನ ಎತ್ತರದಲ್ಲಿರುವ ಚಾಲನಾ ಕೊಠಡಿಯಲ್ಲಿ ನಿಂತ. ನಾವಿಕರು ಇದನ್ನು ‘ಬ್ರಿಡ್ಜ್’ ಎನ್ನುತ್ತಾರೆ. ಯಂತ್ರ ಮಾತ್ರ ಹಡಗಿನ ಹೊಟ್ಟೆಯಲ್ಲಿತ್ತು. ಅಲ್ಲಿನ ಎಂಜಿನಿಯರಿಗೆ ಸಮುದ್ರ ಕಾಣುವುದಿಲ್ಲ, ಕಪ್ತಾನನಿಗೆ ಯಂತ್ರ ಕಾಣುವುದಿಲ್ಲ. ಇಬ್ಬರ ನಡುವೆ ಟೆಲಿಗ್ರಾಫ್ ಎಂಬ ಹಿತ್ತಾಳೆಯ ದುಂಡು ಫಲಕ ಬಂತು. ಮೇಲೆ ಕಪ್ತಾನ ಹಿಡಿಯನ್ನು ‘ಪೂರ್ಣ ವೇಗ’ಕ್ಕೆ ತಳ್ಳಿದರೆ ಕೆಳಗೆ ಗಂಟೆ ಬಾರಿಸಿ ಮುಳ್ಳು ಅಲ್ಲಿಗೇ ಬರುತ್ತಿತ್ತು. ಎಂಜಿನಿಯರು ತನ್ನ ಹಿಡಿಯನ್ನೂ ಅಲ್ಲಿಗೇ ತಂದು ‘ಕೇಳಿಸಿತು’ ಎಂದು ಮರುತ್ತರ ಕೊಟ್ಟ ಮೇಲೆ ಕವಾಟ ತಿರುಗಿಸುತ್ತಿದ್ದ. ಆಜ್ಞೆ ಹೋದರೆ ಸಾಲದು, ಅದು ತಲುಪಿತೆಂಬ ಮರುಮಾಹಿತಿ ಬರಬೇಕು. ಇಂದಿನ ವಿದ್ಯುನ್ಮಾನ ನಿಯಂತ್ರಣವೆಲ್ಲ ನಿಂತಿರುವುದು ಈ ಸರಳ ತತ್ತ್ವದ ಮೇಲೆ.

ಅಳೆ, ಹೋಲಿಸು, ತಿದ್ದು

ನಿಮ್ಮ ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುವ ಗುಂಡೊಂದಿರುತ್ತದೆ. ನೀರು ಏರಿದಂತೆ ಗುಂಡು ಏರಿ ಕೊಳವೆಯ ಬಾಯಿ ಮುಚ್ಚುತ್ತದೆ, ನೀರು ಇಳಿದರೆ ತೆರೆಯುತ್ತದೆ. ಅಲ್ಲಿ ಗಣಕಯಂತ್ರವಿಲ್ಲ, ವಿದ್ಯುತ್ತೂ ಇಲ್ಲ. ಆದರೂ ಅದು ಸ್ವಯಂಚಾಲನೆಯೇ. ಇರುವ ಸ್ಥಿತಿಯನ್ನು ಅಳೆದು, ಇರಬೇಕಾದ ಸ್ಥಿತಿಯೊಡನೆ ಹೋಲಿಸಿ, ವ್ಯತ್ಯಾಸವನ್ನು ತಿದ್ದುವುದಷ್ಟೇ ಅದರ ಕೆಲಸ.

ಹಡಗಿನಲ್ಲಿ ಈ ಉಪಾಯ ಮೊದಲು ದೊಡ್ಡದಾಗಿ ಬಂದದ್ದು ಚುಕ್ಕಾಣಿಗೆ. 211 ಮೀಟರು ಉದ್ದದ ‘ಗ್ರೇಟ್ ಈಸ್ಟರ್ನ್’ ಹಡಗಿನ ಚುಕ್ಕಾಣಿಯನ್ನು ಮನುಷ್ಯರ ತೋಳ್ಬಲದಿಂದ ತಿರುಗಿಸುವುದು ದುಸ್ತರವಾಗಿತ್ತು. 1860ರ ದಶಕದಲ್ಲಿ ಜಾನ್ ಮೆಕ್‌ಫಾರ್ಲೇನ್ ಗ್ರೇ ಎಂಬ ಎಂಜಿನಿಯರು ಅದಕ್ಕೆ ಉಗಿಯಿಂದ ನಡೆಯುವ ಚುಕ್ಕಾಣಿ ಯಂತ್ರ ಮಾಡಿಕೊಟ್ಟ. ಚಕ್ರ ತಿರುಗಿಸಿದರೆ ಉಗಿಯ ಕವಾಟ ತೆರೆಯುತ್ತದೆ, ಚುಕ್ಕಾಣಿ ಹೊರಳುತ್ತದೆ. ಹೇಳಿದಷ್ಟು ಹೊರಳಿದ ಕೂಡಲೇ ಚುಕ್ಕಾಣಿಯ ಚಲನೆಯೇ ಕವಾಟವನ್ನು ಮುಚ್ಚಿಬಿಡುತ್ತದೆ. ಒಬ್ಬನೇ ಮನುಷ್ಯ, ಬೆರಳ ತುದಿಯಲ್ಲೆಂಬಂತೆ, ಬೆಟ್ಟದಂಥ ಹಡಗನ್ನು ತಿರುಗಿಸಬಲ್ಲವನಾದ.

ಕೈಯ ಕೆಲಸ ಯಂತ್ರಕ್ಕೆ ಹೋಯಿತು, ಸರಿ. ಕಣ್ಣಿನ ಕೆಲಸ? ಉಕ್ಕಿನ ಹಡಗಿನಲ್ಲಿ ಅಯಸ್ಕಾಂತದ ದಿಕ್ಸೂಚಿ ತಡವರಿಸುತ್ತದೆ. ಅದರ ಮುಳ್ಳು ತೋರಿಸಿದ್ದನ್ನು ಇನ್ನೊಂದು ಯಂತ್ರಕ್ಕೆ ತಿಳಿಸುವುದೂ ಆಗ ಸುಲಭವಿರಲಿಲ್ಲ. ಇದಕ್ಕೆ ಪರಿಹಾರ ಸಿಕ್ಕಿದ್ದು ಬುಗುರಿಯಿಂದ. ವೇಗವಾಗಿ ಸುತ್ತುವ ಬುಗುರಿ ತನ್ನ ಅಚ್ಚಿನ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲವಷ್ಟೆ. ಈ ಗುಣವನ್ನು ಬಳಸಿ ಜರ್ಮನಿಯಲ್ಲಿ ಅನ್ಶುಟ್ಸ್ 1908ರಲ್ಲಿ, ಅಮೆರಿಕದಲ್ಲಿ ಎಲ್ಮರ್ ಸ್ಪೆರಿ 1911ರಲ್ಲಿ ಗೈರೋ ದಿಕ್ಸೂಚಿಗಳನ್ನು ಹಡಗಿಗೆ ತಂದರು. ಗೈರೋ ಹೇಳಿದ ದಿಕ್ಕನ್ನು ವಿದ್ಯುತ್ ಸಂಕೇತವಾಗಿ ಎಲ್ಲಿಗೆ ಬೇಕೋ ಅಲ್ಲಿಗೆ ಕಳಿಸಬಹುದಿತ್ತು. 1920ರ ದಶಕದ ಆರಂಭಕ್ಕೆ ಸ್ಪೆರಿಯ ಸ್ವಯಂಚಾಲಿತ ಚುಕ್ಕಾಣಿಗ ಬಂದೇಬಿಟ್ಟ. ನಾವಿಕರು ಆ ಯಂತ್ರಕ್ಕೆ ‘ಮೆಟಲ್ ಮೈಕ್’ ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವನು ‘ಲೋಹದ ಮಾದ’!

ಇದೇ ಹೊತ್ತಿಗೆ ರಷ್ಯದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ನಿಕೊಲಸ್ ಮಿನೊರ್ಸ್ಕಿ ಎಂಬ ವಿಜ್ಞಾನಿ ನುರಿತ ಚುಕ್ಕಾಣಿಗರ ಕೆಲಸವನ್ನು ಗಮನಿಸಿದ. ಒಳ್ಳೆಯ ಚುಕ್ಕಾಣಿಗ ಹಡಗು ಈಗ ಎಷ್ಟು ತಪ್ಪಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ, ಎಷ್ಟು ಬೇಗ ತಪ್ಪುತ್ತಿದೆ ಎಂಬುದನ್ನೂ ನೋಡುತ್ತಾನೆ. ಹಾಲು ಕಾಯಿಸುವವರು ಹಾಲಿನ ಮಟ್ಟವನ್ನಲ್ಲ, ಅದು ಏರುವ ರಭಸವನ್ನು ನೋಡಿ ಒಲೆ ತಗ್ಗಿಸುತ್ತಾರಲ್ಲವೆ, ಹಾಗೆ. ಇನ್ನೂ ಒಂದುಂಟು. ಜೋಡೆತ್ತಿನಲ್ಲಿ ಒಂದು ಎತ್ತು ಸದಾ ಹೆಚ್ಚು ಎಳೆಯುತ್ತಿದ್ದರೆ ಗಾಡಿಯವನು ಹಗ್ಗವನ್ನು ಎದುರು ಬದಿಗೆ ಸ್ವಲ್ಪ ಬಿಗಿಹಿಡಿದೇ ಇರುತ್ತಾನೆ. ಒಂದೇ ಕಡೆಯಿಂದ ಬೀಸುವ ಗಾಳಿಗೆ ಚುಕ್ಕಾಣಿಗನೂ ಹೀಗೇ ಮಾಡುತ್ತಾನೆ. ಈಗಿನ ತಪ್ಪು, ಕೂಡುತ್ತ ಬಂದ ತಪ್ಪು, ಬರಲಿರುವ ತಪ್ಪು ಈ ಮೂರನ್ನೂ ಮಿನೊರ್ಸ್ಕಿ 1922ರಲ್ಲಿ ಗಣಿತದ ಸಮೀಕರಣಕ್ಕೆ ಇಳಿಸಿದ. 1923ರಲ್ಲಿ ಅಮೆರಿಕದ ‘ನ್ಯೂ ಮೆಕ್ಸಿಕೊ’ ಯುದ್ಧನೌಕೆಯ ಮೇಲೆ ಅದರ ಪರೀಕ್ಷೆ ನಡೆಯಿತು.

ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವವರು ಇದನ್ನು ಪಿ.ಐ.ಡಿ. ನಿಯಂತ್ರಣ ಎಂದು ಕಲಿಯುತ್ತಾರೆ. ಸಕ್ಕರೆ ಕಾರ್ಖಾನೆಯ ಬಾಯ್ಲರಿನಿಂದ ಡ್ರೋನ್ ತನಕ ಇಂದು ಎಲ್ಲೆಲ್ಲೂ ಇರುವ ಈ ಸೂತ್ರ, ಹೆಸರು ಉಳಿಯದ ಚುಕ್ಕಾಣಿಗರ ಕೈಚಳಕದಿಂದ ಹುಟ್ಟಿದ್ದು. ಆದರೆ ಆ ಯಂತ್ರ ನೌಕೆಯವರಿಗೆ ಪ್ರಿಯವಾಗಲಿಲ್ಲ. ತಮ್ಮ ಕೆಲಸ ಹೋದೀತೆಂಬ ಅಳುಕು ಅಂದೂ ಇತ್ತು.

ಖಾಲಿಯಾದ ಯಂತ್ರಾಗಾರ

ಎರಡನೆಯ ಮಹಾಯುದ್ಧದ ಹೊತ್ತಿಗೆ ರೆಡಾರ್ ಬಂತು. ಅದರ ಹಿಂದೆಯೇ ಟ್ರಾನ್ಸಿಸ್ಟರ್ ಬಂತು. 1961ರಲ್ಲಿ ಜಪಾನಿನ ‘ಕಿಂಕಸನ್ ಮಾರು’ ಎಂಬ ಸರಕು ಹಡಗು ನೀರಿಗಿಳಿಯಿತು. ಅದರ ಮುಖ್ಯ ಎಂಜಿನನ್ನು ಬ್ರಿಡ್ಜಿನಿಂದಲೇ ನೇರವಾಗಿ ನಿಯಂತ್ರಿಸಬಹುದಿತ್ತು. ನಡುವಿನ ಟೆಲಿಗ್ರಾಫಿನ ಗಂಟೆ, ಕವಾಟ ತಿರುಗಿಸುವ ಕೈ ಎರಡೂ ಬೇಡವಾದವು. ಹಡಗಿನ ಸ್ವಯಂಚಾಲನೆಯ ಹೊಸ ಯುಗ ಅಲ್ಲಿಂದ ಆರಂಭವಾಯಿತೆನ್ನುವುದು ವಾಡಿಕೆ.

ಮುಂದಿನ ಎರಡು ದಶಕಗಳಲ್ಲಿ ಯಂತ್ರಾಗಾರದಿಂದ ಮನುಷ್ಯರು ಒಬ್ಬೊಬ್ಬರಾಗಿ ಹೊರಬಂದರು. ಮೊದಲು ಅವರು ಗಾಜಿನ ಹಿಂದಿನ ತಂಪು ನಿಯಂತ್ರಣ ಕೊಠಡಿಗೆ ಹೋದರು. ಆಮೇಲೆ ರಾತ್ರಿ ಹೊತ್ತು ಅಲ್ಲಿಯೂ ಇರಬೇಕಾಗಲಿಲ್ಲ. ಎಣ್ಣೆಯ ಒತ್ತಡ, ತಣಿಸುವ ನೀರಿನ ಉಷ್ಣತೆ, ತಳದಲ್ಲಿ ನಿಂತ ನೀರಿನ ಮಟ್ಟ, ಬೆಂಕಿಯ ಹೊಗೆ ಇವೆಲ್ಲವನ್ನೂ ಸಂವೇದಕಗಳು ಕಾಯುತ್ತವೆ. ಏನಾದರೂ ಎಲ್ಲೆ ಮೀರಿದರೆ ಮಲಗಿರುವ ಎಂಜಿನಿಯರಿನ ಕೋಣೆಯಲ್ಲೇ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಇಂಥ ಆಳಿಲ್ಲದ ಯಂತ್ರಾಗಾರಗಳಿಗೆಂದೇ ಪ್ರತ್ಯೇಕ ನಿಯಮಗಳಿವೆ. ಮಂಗಳೂರಿನ ಪಣಂಬೂರಿನಲ್ಲಿ 1970ರ ದಶಕದಲ್ಲಿ ಆರಂಭವಾದ ನವಮಂಗಳೂರು ಬಂದರಿಗೆ ಇಂದು ಬರುವ ತೈಲ ಹಡಗುಗಳು ಮುನ್ನೂರು ಮೀಟರಿನ ಹತ್ತಿರ ಉದ್ದವಿದ್ದರೂ ಅವುಗಳಲ್ಲಿ ಇರುವವರು ಒಂದು ಶಾಲಾ ತರಗತಿಯ ಮಕ್ಕಳಿಗಿಂತ ಕಡಿಮೆ.

ಗಮನಿಸಿ: ನಿಯಂತ್ರಣ ಕ್ರಮೇಣ ದೂರ ಸರಿಯುತ್ತಿದೆ. ಚುಕ್ಕಾಣಿಯ ಬುಡದಿಂದ ಬ್ರಿಡ್ಜಿಗೆ, ಬ್ರಿಡ್ಜಿನಿಂದ ಗಣಕದ ಪೆಟ್ಟಿಗೆಗೆ. ಹೀಗೆ ಹಡಗಿನ ಬುದ್ಧಿ ಒಂದು ಪೆಟ್ಟಿಗೆಯೊಳಗೆ ಸೇರಿದ ಮೇಲೆ ಆ ಪೆಟ್ಟಿಗೆಯನ್ನು ಸಮುದ್ರದ ದಡದಲ್ಲೇ ಮಾಡಬೇಕೆಂಬ ಕಟ್ಟಳೆ ಉಳಿಯಲಿಲ್ಲ.

ಜಾಲಹಳ್ಳಿಗೆ ಬಂದ ಸಮುದ್ರ

1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್: ಬೆಂಗಳೂರಿನಲ್ಲಿ ಕಲಿತ ಕೈಗಳೂ ಕಲಿಸುವ ತಲೆಗಳೂ ಈ ಕ್ರಮದಲ್ಲಿ ಸೇರುತ್ತ ಬಂದವು. ಸಮುದ್ರ ದೂರವಿದ್ದರೂ ತಂತಿ, ಕವಾಟ, ಟ್ರಾನ್ಸಿಸ್ಟರ್‌ಗಳ ವಿದ್ಯೆ ಇಲ್ಲಿತ್ತು. ಮುಂಬಯಿಯ ಮಜಗಾಂವ್ ಹಡಗುಕಟ್ಟೆಯಲ್ಲಿ ಲಿಯಾಂಡರ್ ವರ್ಗದ ಯುದ್ಧನೌಕೆಗಳನ್ನು ಕಟ್ಟಲು ತೊಡಗಿ, ಮೊದಲನೆಯದಾದ ‘ನೀಲಗಿರಿ’ 1972ರಲ್ಲಿ ಸೇವೆಗೆ ಬಂತು. ಅದೇ ವರ್ಗದ ಮುಂದಿನ ನೌಕೆಗಳಿಗೆ ಹಾಲೆಂಡಿನ ಸಿಗ್ನಾಲ್ ಕಂಪನಿಯ ಸಹಯೋಗದಲ್ಲಿ ರೆಡಾರುಗಳನ್ನು ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್.

ಆದರೆ ಪರರ ನಕ್ಷೆಯನ್ನು ನೋಡಿ ಮಾಡುವುದು ಬೇರೆ, ತಾನೇ ಯೋಚಿಸಿ ಮಾಡುವುದು ಬೇರೆ. ಎರಡನೆಯದು ಏಕೆ ಅನಿವಾರ್ಯವೆಂದು ತಿಳಿಸಿದ್ದು ಒಂದು ದುರಂತ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಬಳಿ ‘ಐ.ಎನ್.ಎಸ್. ಖುಕ್ರಿ’ಯನ್ನು ಪಾಕಿಸ್ತಾನದ ಜಲಾಂತರ್ಗಾಮಿಯೊಂದು ಮುಳುಗಿಸಿತು. 18 ಅಧಿಕಾರಿಗಳೂ 176 ನಾವಿಕರೂ ಪ್ರಾಣ ಕಳೆದುಕೊಂಡರು. ನೀರಿನೊಳಗಿನ ಶತ್ರುವನ್ನು ಶಬ್ದದ ಅಲೆಗಳಿಂದ ಕಂಡುಹಿಡಿಯುವ ಸೋನಾರ್ ಎಷ್ಟು ಸಮರ್ಥವಾಗಿರಬೇಕೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ನೌಕಾಪಡೆಯ ಅಧಿಕಾರಿ ಆರೋಗ್ಯಸ್ವಾಮಿ ಪೌಲ್‌ರಾಜ್ ಅವರ ನೇತೃತ್ವದಲ್ಲಿ ಕೊಚ್ಚಿಯ ನೌಕಾ ಪ್ರಯೋಗಾಲಯ ‘ಅಪ್ಸೋ’ ಎಂಬ ಸ್ವದೇಶಿ ಸೋನಾರನ್ನು ರೂಪಿಸಿತು. ಅದನ್ನು ಕಾರ್ಖಾನೆಯ ವಸ್ತುವಾಗಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್. 1980ರ ದಶಕದ ಆರಂಭದಲ್ಲಿ ಅದು ಸಮುದ್ರ ಪರೀಕ್ಷೆಗಳಲ್ಲಿ ಗೆದ್ದಿತು. ಗದ್ದಲದ ನಡುವೆ ಕ್ಷೀಣವಾದ ಪ್ರತಿಧ್ವನಿಯನ್ನು ಹೆಕ್ಕುವ ಕೆಲಸವನ್ನು ಅದರಲ್ಲಿ ಅಂಕೀಯ ಗಣಕಗಳು ಮಾಡುತ್ತಿದ್ದವು. ಮುಂದೆ 1986ರಲ್ಲಿ ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರ ಆರಂಭವಾದಾಗ ಅದರ ಸ್ಥಾಪನೆಯಲ್ಲೂ ಪೌಲ್‌ರಾಜ್ ಪ್ರಮುಖರಾಗಿದ್ದರು. ಇಂದು ನಮ್ಮ ಮೊಬೈಲುಗಳಿಗೂ ವೈ-ಫೈಗೂ ಆಧಾರವಾಗಿರುವ ‘ಮೈಮೋ’ ತಂತ್ರವನ್ನು 1992ರಲ್ಲಿ ಅಮೆರಿಕದಲ್ಲಿ ಸೂಚಿಸಿದವರೂ ಅವರೇ.

ಕಿವಿಯಾಯಿತು, ಇನ್ನು ಕಾಲಿನ ಕಥೆ. ಹಡಗಿನ ಅನಿಲ ಟರ್ಬೈನ್ ಮೂಲತಃ ವಿಮಾನದ ಎಂಜಿನಿನ ವಂಶದ್ದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಈ ಯಂತ್ರಕ್ಕೆ ಇಂಧನವನ್ನು ಕ್ಷಣಕ್ಷಣಕ್ಕೂ ಅಳೆದು ಕೊಡಬೇಕು. ಹೆಚ್ಚಾದರೆ ಅಲಗುಗಳು ಸುಡುತ್ತವೆ, ಕಡಿಮೆಯಾದರೆ ಜ್ವಾಲೆ ಆರುತ್ತದೆ. ಮನುಷ್ಯನ ಕೈಗೆ ಅಷ್ಟು ಚುರುಕಿಲ್ಲದ ಕಾರಣ ಇಲ್ಲಿ ವಿದ್ಯುನ್ಮಾನ ನಿಯಂತ್ರಣ ಅನುಕೂಲವಲ್ಲ, ಅಗತ್ಯ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಜೋಡಿಸಿಕೊಟ್ಟ ಎಲ್.ಎಂ. 2500 ಟರ್ಬೈನುಗಳು ಶಿವಾಲಿಕ್ ವರ್ಗದ ನೌಕೆಗಳಲ್ಲಿವೆ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದ, ನಮ್ಮ ದೇಶದಲ್ಲೇ ಕಟ್ಟಿದ ಮೊದಲ ವಿಮಾನವಾಹಕ ನೌಕೆ ‘ವಿಕ್ರಾಂತ್’ನಲ್ಲೂ ಅಂಥ ನಾಲ್ಕು ಇವೆ. ನಾಲ್ಕೂ ಸೇರಿ 88 ಮೆಗಾವಾಟ್ ಶಕ್ತಿ. ಸುಮಾರು 2200 ಕೊಠಡಿಗಳಿರುವ, ಸುಮಾರು 1600 ಜನ ವಾಸಿಸುವ ಆ ತೇಲುವ ಊರಿನಲ್ಲಿ ಯಂತ್ರಗಳ ನಿರ್ವಹಣೆ, ದಾರಿ ಹಿಡಿಯುವುದು, ಅಪಘಾತವಾದರೆ ಹಡಗನ್ನು ಉಳಿಸಿಕೊಳ್ಳುವುದು ಇವೆಲ್ಲ ಬಹುಮಟ್ಟಿಗೆ ಸ್ವಯಂಚಾಲಿತ.

2014ರಲ್ಲಿ ಸೇವೆಗೆ ಬಂದ ‘ಐ.ಎನ್.ಎಸ್. ಕೋಲ್ಕತಾ’ವನ್ನು ‘ಜಾಲಗಳ ಜಾಲ’ ಎಂದು ಬಣ್ಣಿಸಲಾಯಿತು. ಮಾಹಿತಿ ಹರಿಯುವ ಹೆದ್ದಾರಿಯಂತೆ ಒಂದು ದತ್ತಜಾಲ, ಯುದ್ಧ ನಿರ್ವಹಣೆಗೆ ಒಂದು ವ್ಯವಸ್ಥೆ, ವಿದ್ಯುತ್ ಹಂಚಿಕೆಗೆ ಒಂದು, ಪಂಪು ಕವಾಟಗಳನ್ನು ದೂರದಿಂದ ನಡೆಸಲು ಮತ್ತೊಂದು. ಹಳೆಯ ಹಿತ್ತಾಳೆ ಫಲಕದ ಒಂದು ಗಂಟೆಯ ಜಾಗದಲ್ಲಿ ಇಂದು ಲಕ್ಷಾಂತರ ಸಂಕೇತಗಳು ಓಡಾಡುತ್ತಿವೆ. ಕಾರವಾರದ ಬಳಿ, ನಮ್ಮ ಮೊದಲ ರಾಜವಂಶದ ಹೆಸರನ್ನೇ ಹೊತ್ತು 2005ರಲ್ಲಿ ಆರಂಭವಾದ ‘ಐ.ಎನ್.ಎಸ್. ಕದಂಬ’ ನೌಕಾನೆಲೆಗೆ ಹೋದರೆ ಜಾಲಹಳ್ಳಿಯ ಪೆಟ್ಟಿಗೆಗಳು ಉಪ್ಪುಗಾಳಿಯಲ್ಲಿ ದುಡಿಯುತ್ತಿರುವುದನ್ನು ಊಹಿಸಿಕೊಳ್ಳಬಹುದು.

ತೆರೆ ಹೇಳುವುದೆಲ್ಲ ನಿಜವೆ?

ಇಲ್ಲಿಯವರೆಗೆ ಗೆಲುವಿನ ಕಥೆಯಾಯಿತು. ನಾಣ್ಯದ ಇನ್ನೊಂದು ಮುಖವನ್ನೂ ನೋಡೋಣ.

1995ರ ಜೂನ್‌ನಲ್ಲಿ ‘ರಾಯಲ್ ಮೆಜೆಸ್ಟಿ’ ಎಂಬ ಪ್ರವಾಸಿ ಹಡಗು 1509 ಜನರನ್ನು ಹೊತ್ತು ಬರ್ಮುಡಾದಿಂದ ಬಾಸ್ಟನ್ನಿಗೆ ಹೊರಟಿತು. ಹೊರಟು ಒಂದು ಗಂಟೆಯಾಗುವ ಮೊದಲೇ ಉಪಗ್ರಹದ ಸಂಕೇತ ಹಿಡಿಯುವ ಅಂಟೆನಾದ ತಂತಿ ಕಳಚಿಕೊಂಡಿತು. ಸ್ಥಾನ ಹೇಳುವ ಉಪಕರಣ ಸುಮ್ಮನಾಗಲಿಲ್ಲ. ವೇಗ ಮತ್ತು ದಿಕ್ಕಿನ ಲೆಕ್ಕದಿಂದ ‘ನಾವು ಇಲ್ಲಿರಬಹುದು’ ಎಂದು ಅಂದಾಜು ಹೇಳತೊಡಗಿತು. ಅದು ಅಂದಾಜು ಎಂಬುದನ್ನು ಪುಟ್ಟ ಅಕ್ಷರಗಳಲ್ಲಿ ತೋರಿಸಿತು ಕೂಡ. ಸ್ವಯಂಚಾಲಿತ ಚುಕ್ಕಾಣಿ ಆ ಅಂದಾಜನ್ನೇ ಸತ್ಯವೆಂದು ನಂಬಿ ನಡೆಯಿತು. ಅಧಿಕಾರಿಗಳು ಪಾಳಿಯ ಮೇಲೆ ಪಾಳಿ ಬದಲಿಸಿದರು. ತೆರೆಯ ಮೇಲೆ ಎಲ್ಲವೂ ಸರಿಯಾಗಿತ್ತು. ಸುಮಾರು 34 ಗಂಟೆಗಳ ನಂತರ, ಇರಬೇಕಾದ ಜಾಗದಿಂದ 17 ಮೈಲಿ ದೂರದಲ್ಲಿ, ಹಡಗು ಮರಳದಿಬ್ಬದ ಮೇಲೆ ಕುಳಿತಿತು. ಅದೃಷ್ಟಕ್ಕೆ ಜೀವಹಾನಿಯಾಗಲಿಲ್ಲ.

ದೂರದರ್ಶನದ ಸ್ಟುಡಿಯೋದಲ್ಲಿ ಕೆಲಸ ಮಾಡುವ ನಮಗೆ ಈ ಘಟನೆ ಚೆನ್ನಾಗಿ ಅರ್ಥವಾಗುತ್ತದೆ. ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಕಾಣುವುದು ಮಾನಿಟರುಗಳು ಮಾತ್ರ. ಚಿತ್ರ ಅಲುಗಾಡದೆ ನಿಂತಾಗ, ಮಾತನಾಡುವವರು ಸುಮ್ಮನೆ ಕುಳಿತಿದ್ದಾರೆಯೋ ಚಿತ್ರವೇ ಹೆಪ್ಪುಗಟ್ಟಿದೆಯೋ ತೆರೆಯಿಂದ ತಿಳಿಯುವುದಿಲ್ಲ. ಅದಕ್ಕೇ ಸ್ಟುಡಿಯೋದ ಒಳಗೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಫ್ಲೋರ್ ಮ್ಯಾನೇಜರ್ ಇರುತ್ತಾರೆ. ಅವರು ತಮ್ಮ ಕಣ್ಣಿನಿಂದಲೇ ನೋಡಿ ಹೇಳುತ್ತಾರೆ.

ಇನ್ನೊಂದು ಘಟನೆ ಹತ್ತಿರದ ಕಾಲದ್ದು. 2024ರ ಮಾರ್ಚ್ 26ರ ನಡುರಾತ್ರಿಯ ನಂತರ ಸುಮಾರು 300 ಮೀಟರು ಉದ್ದದ ‘ಡಾಲಿ’ ಎಂಬ ಹಡಗು ಅಮೆರಿಕದ ಬಾಲ್ಟಿಮೋರ್ ಬಂದರಿನಿಂದ ಕೊಲಂಬೊಗೆ ಹೊರಟಿತ್ತು. ಅದರ ಸಿಬ್ಬಂದಿಯಲ್ಲಿ ಹೆಚ್ಚಿನವರು ಭಾರತೀಯರು. ಇದ್ದಕ್ಕಿದ್ದಂತೆ ವಿದ್ಯುತ್ ಹೋಯಿತು, ಚುಕ್ಕಾಣಿ ಎಂಜಿನ್ ಎರಡೂ ಕೈಕೊಟ್ಟವು. ವಿದ್ಯುತ್ ಮರಳಿ ಬಂದು ಮತ್ತೆ ಹೋಯಿತು. ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಬಡಿದು ಸೇತುವೆ ಕುಸಿಯಿತು. ಅದರ ಮೇಲೆ ರಸ್ತೆ ರಿಪೇರಿ ಮಾಡುತ್ತಿದ್ದ ಆರು ಮಂದಿ ಸತ್ತರು. ಅಮೆರಿಕದ ತನಿಖಾ ಮಂಡಳಿ 2025ರಲ್ಲಿ ಕಂಡುಕೊಂಡ ಕಾರಣ ದಂಗುಬಡಿಸುವಂತಿತ್ತು. ಒಂದು ತಂತಿಗೆ ಸುತ್ತಿದ ಹೆಸರುಪಟ್ಟಿಯಿಂದಾಗಿ ಅದು ತನ್ನ ಗೂಡಿನಲ್ಲಿ ಪೂರ್ತಿ ಕೂತಿರಲಿಲ್ಲ, ಸಡಿಲವಾಗಿತ್ತು. ಎರಡನೆಯ ಸಲ ವಿದ್ಯುತ್ ಹೋದದ್ದಕ್ಕೆ ಕಾರಣ, ಇಂಧನಕ್ಕೆ ಬಳಸುತ್ತಿದ್ದ ಪಂಪು ತಾನಾಗಿ ಮತ್ತೆ ಚಾಲೂ ಆಗುವಂಥದಾಗಿರಲಿಲ್ಲ.

ಆದರೆ ಅದೇ ರಾತ್ರಿ ಇನ್ನೊಂದು ಸಂಗತಿಯೂ ನಡೆಯಿತು. ಹಡಗಿನಲ್ಲಿದ್ದ ಬಂದರಿನ ಪೈಲಟ್‌ಗಳು ಅಪಾಯವನ್ನು ಅರಿತ ಕೂಡಲೇ ರೇಡಿಯೊದಲ್ಲಿ ಎಚ್ಚರಿಸಿದರು. ಪೊಲೀಸರು ನಿಮಿಷಗಳೊಳಗೆ ಸೇತುವೆಯ ಎರಡೂ ಕಡೆ ವಾಹನಗಳನ್ನು ತಡೆದರು. ಇಲ್ಲದಿದ್ದರೆ ಸತ್ತವರ ಸಂಖ್ಯೆ ಎಷ್ಟಾಗುತ್ತಿತ್ತೋ! ಸೇತುವೆಯ ಮೇಲೆ ಜನರಿದ್ದಾರೆ, ಅವರನ್ನು ಉಳಿಸಬೇಕು ಎಂಬ ಯೋಚನೆ ಯಾವ ಸಂವೇದಕದ ಪಟ್ಟಿಯಲ್ಲೂ ಇರಲಿಲ್ಲ.

ಯಂತ್ರ ಹೆಚ್ಚು ಕಲಿತಷ್ಟೂ ಮನುಷ್ಯನಿಗೆ ಉಳಿಯುವುದು ಕಾಯುವ ಕೆಲಸ. ಕಾಯುವವನಿಗೆ ನಿದ್ದೆ ಬರುತ್ತದೆ, ಬೇಸರ ಬರುತ್ತದೆ, ಕೈಯ ಪಳಗಿಕೆ ಹೋಗುತ್ತದೆ. 2011ರಿಂದ ಹಂತಹಂತವಾಗಿ ಕಡ್ಡಾಯವಾದ ಒಂದು ಉಪಕರಣ ಬ್ರಿಡ್ಜಿನಲ್ಲಿರುವ ಅಧಿಕಾರಿ ಎಚ್ಚರವಾಗಿದ್ದಾನೆಯೇ ಎಂದು 3ರಿಂದ 12 ನಿಮಿಷಗಳಿಗೊಮ್ಮೆ ಕೇಳುತ್ತದೆ. ಗುಂಡಿ ಒತ್ತದಿದ್ದರೆ ಕೂಗಿ ಬೇರೆಯವರನ್ನು ಕರೆಯುತ್ತದೆ. ಒಂದು ಕಾಲದಲ್ಲಿ ಮನುಷ್ಯ ಯಂತ್ರವನ್ನು ಕಾಯುತ್ತಿದ್ದ, ಈಗ ಯಂತ್ರವೂ ಮನುಷ್ಯನನ್ನು ಕಾಯುತ್ತಿದೆ.

ನಾಳಿನ ಹಡಗು

ಹಾಗಿದ್ದರೆ ಮುಂದೇನು? ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಸ್ವಯಂಚಾಲನೆಯಲ್ಲಿ ನಾಲ್ಕು ಮೆಟ್ಟಿಲುಗಳನ್ನು ಗುರುತಿಸಿದೆ. ಮೊದಲನೆಯದರಲ್ಲಿ ಯಂತ್ರ ನೆರವಾಗುತ್ತದೆ, ನಾವಿಕರು ನಡೆಸುತ್ತಾರೆ. ಎರಡನೆಯದರಲ್ಲಿ ಹಡಗನ್ನು ದೂರದಿಂದ ನಡೆಸಿದರೂ ಮೇಲೆ ನಾವಿಕರಿರುತ್ತಾರೆ. ಮೂರನೆಯದರಲ್ಲಿ ಅವರೂ ಇಲ್ಲ. ನಾಲ್ಕನೆಯದರಲ್ಲಿ ತೀರ್ಮಾನವೂ ಹಡಗಿನದೇ. ನಾರ್ವೆಯ ‘ಯಾರಾ ಬಿರ್ಕೆಲಾಂಡ್’ ಎಂಬ ವಿದ್ಯುತ್ ಹಡಗು 2021ರಲ್ಲಿ ಮೊದಲ ಯಾನ ಮಾಡಿ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಲು ಹೊರಟಿತು. ಅದೇ ದೇಶದ ಆಸ್ಕೊ ಕಂಪನಿಗಾಗಿ 67 ಮೀಟರು ಉದ್ದದ ಎರಡು ವಿದ್ಯುತ್ ಹಡಗುಗಳನ್ನು ಕಟ್ಟಿ 2022ರಲ್ಲಿ ಕಳಿಸಿಕೊಟ್ಟದ್ದು ನಮ್ಮ ನೆರೆಯ ಕೊಚ್ಚಿಯ ಹಡಗುಕಟ್ಟೆ. ಆ ಕಟ್ಟೆಯವರೇ 2020ರಲ್ಲಿ ಮಲ್ಪೆಯ ಹಳೆಯ ಹಡಗು ಕಾರ್ಖಾನೆಯನ್ನು ಕೊಂಡು ‘ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್’ ಎಂದು ಹೆಸರಿಟ್ಟಿದ್ದಾರೆ. 2023ರಲ್ಲಿ ಅದಕ್ಕೆ ನಾರ್ವೆಯ ವಿಲ್ಸನ್ ಕಂಪನಿಯಿಂದ ಡೀಸೆಲ್-ವಿದ್ಯುತ್ ಸರಕು ಹಡಗುಗಳ ಬೇಡಿಕೆ ಬಂತು. ನೌಕಾಪಡೆಗಾಗಿ ರೂಪಿಸಿದ ‘ಮಾತಂಗಿ’ ಎಂಬ ಆಳಿಲ್ಲದ ದೋಣಿಯನ್ನು ಮುಂಬಯಿಯಿಂದ ತೂತುಕುಡಿಯವರೆಗಿನ 1500 ಕಿಲೋಮೀಟರಿನ ಯಾನಕ್ಕೆ 2024ರ ಅಕ್ಟೋಬರ್‌ನಲ್ಲಿ ಬೀಳ್ಕೊಡಲಾಯಿತು. ನಮ್ಮ ಕರಾವಳಿಯ ಮುಂದೆ ಹಾದುಹೋಗುವ ದಾರಿ ಅದು.

ನಿಯಂತ್ರಣ ಕೊಠಡಿ ಹಡಗಿನಿಂದ ದಡಕ್ಕೆ ಬಂದರೆ, ದಡದಿಂದ ಬೆಂಗಳೂರಿಗೂ ಬಂದೀತು. ಬ್ಯಾಲಾಳಿನ ಇಸ್ರೊ ಕೇಂದ್ರ ನಮ್ಮದೇ ‘ನಾವಿಕ್’ ಉಪಗ್ರಹಗಳ ಸ್ಥಾನಸೂಚನೆಯ ಕೆಲಸವನ್ನು 2013ರಿಂದ ನೋಡಿಕೊಳ್ಳುತ್ತಿದೆ. ಹೆಸರು ನಾವಿಕ್, ಕೆಲಸ ನಡೆಯುವುದು ಬಯಲುಸೀಮೆಯಲ್ಲಿ! ಅಟ್ಟೂರಿನ ವಿದ್ಯಾರ್ಥಿಯೊಬ್ಬಳು ಮುಂದೊಂದು ದಿನ ಮೇಜಿನ ಮುಂದೆ ಕುಳಿತು ಅರಬ್ಬಿ ಸಮುದ್ರದ ಹಡಗೊಂದನ್ನು ನಡೆಸುವುದು ಅಸಂಭವವೇನಲ್ಲ.

ಆದರೆ ಎರಡು ಪ್ರಶ್ನೆಗಳು ಉಳಿಯುತ್ತವೆ. ಮೊದಲನೆಯದು ಕಾಯಿದೆಯದು. ಹಡಗುಗಳ ಢಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳು, ಸದಾಕಾಲ ಕಣ್ಣಿನಿಂದಲೂ ಕಿವಿಯಿಂದಲೂ ಕಾವಲಿರಬೇಕೆಂದು ಹೇಳುತ್ತವೆ. ಆಳಿಲ್ಲದ ಹಡಗಿನಲ್ಲಿ ಕಣ್ಣು ಯಾರದು, ಕಿವಿ ಯಾರದು? ತಪ್ಪಾದರೆ ಕಟಕಟೆಯಲ್ಲಿ ನಿಲ್ಲುವವರು ಕಪ್ತಾನರೋ, ಮಾಲೀಕರೋ, ಪ್ರೋಗ್ರಾಮ್ ಬರೆದ ಎಂಜಿನಿಯರೋ? ನಿಯಂತ್ರಣ ಎಷ್ಟು ದೂರ ಸರಿದರೂ ಹೊಣೆಯನ್ನು ಹಾಗೆ ಸರಿಸಲಾಗದು. ಜೊತೆಗೆ ಅನ್ನದ ಪ್ರಶ್ನೆಯೂ ಇದೆ. ಜಗತ್ತಿನ ನಾವಿಕರಲ್ಲಿ ಸುಮಾರು ಹತ್ತರಲ್ಲೊಬ್ಬ ಭಾರತೀಯ. ಆ ಕೆಲಸ ಪೂರ್ತಿ ಮಾಯವಾಗದಿರಬಹುದು, ಆದರೆ ಬದಲಾಗುತ್ತದೆ. ಎಣ್ಣೆಮೈಯ ಎಂಜಿನಿಯರಿಗೆ ಇನ್ನು ಗಣಕದ ವಿದ್ಯೆಯೂ ಬೇಕು, ಗಣಕ ಬಲ್ಲವರಿಗೆ ಸಮುದ್ರದ ಅನುಭವವೂ ಬೇಕು.

ಎರಡನೆಯ ಪ್ರಶ್ನೆ ಸಣ್ಣ ದೋಣಿಗಳದು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ದೋಣಿ ಏಳು ಮೀನುಗಾರರೊಡನೆ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷವನ್ನು ನೌಕಾಪಡೆ ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ಪತ್ತೆಹಚ್ಚಿದ್ದು 2019ರ ಮೇ ತಿಂಗಳಿನಲ್ಲಿ. ದೊಡ್ಡ ಹಡಗುಗಳು ತಾವಾಗಿ ನಡೆಯಲು ಕಲಿಯುತ್ತಿದ್ದ ಅದೇ ಕಾಲದಲ್ಲಿ ಏಳು ಕುಟುಂಬಗಳು ತಿಂಗಳುಗಟ್ಟಲೆ ಸುದ್ದಿಗಾಗಿ ಕಾದವು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರುಗಳನ್ನು ಅಳವಡಿಸುವ ಯೋಜನೆಗೆ ಚಾಲನೆ ನೀಡಿತು. ದೋಣಿ ಎಲ್ಲಿದೆಯೆಂದು ಅದು ಉಪಗ್ರಹದ ಮೂಲಕ ತಿಳಿಸುತ್ತದೆ, ಅಪಾಯದಲ್ಲಿ ದೋಣಿಯವರೂ ದಡದವರೂ ಸಂದೇಶ ವಿನಿಮಯ ಮಾಡಬಹುದು. ಈ ಪುಟ್ಟ ಪೆಟ್ಟಿಗೆ ಸುದ್ದಿಯಲ್ಲಿ ಮಿಂಚದಿರಬಹುದು. ಆದರೆ ಮಲ್ಪೆಯ ಮನೆಯೊಂದರಲ್ಲಿ ದೀಪ ಹಚ್ಚಿಕೊಂಡು ಕಾಯುವವರಿಗೆ ಆಳಿಲ್ಲದ ಹಡಗಿಗಿಂತ ಇದೇ ದೊಡ್ಡ ವಿಜ್ಞಾನ.

ಹಡಗು ತಾನಾಗಿ ನಡೆದೀತೆ? ನಡೆದೀತು, ಚಿಕ್ಕ ದೂರಗಳಲ್ಲಿ ನಡೆಯತೊಡಗಿದೆ ಕೂಡ. ಆದರೆ ಅಂತರರಾಷ್ಟ್ರೀಯ ಕಡಲಿನಿಂದ ಬರುವ ಎಂಥ ದೊಡ್ಡ ಹಡಗಾದರೂ ಪಣಂಬೂರಿನ ಬಾಗಿಲಿಗೆ ಬಂದಾಗ ಇಂದಿಗೂ ನಿಧಾನಿಸುತ್ತದೆ. ಬಂದರಿನ ಪೈಲಟ್ ಚಿಕ್ಕ ದೋಣಿಯಲ್ಲಿ ಹೋಗಿ, ಹಗ್ಗದ ಏಣಿ ಹಿಡಿದು ಮೇಲೆ ಹತ್ತುತ್ತಾರೆ. ಅಲ್ಲಿನ ನೀರು, ಗಾಳಿ, ಮಳೆಗಾಲದ ಸೆಳೆತ ಅವರಿಗೆ ಗೊತ್ತು. ಬ್ರಿಡ್ಜಿನ ತುಂಬ ತೆರೆಗಳಿದ್ದರೂ ಅವರು ಮೊದಲು ಮಾಡುವ ಕೆಲಸ ಕಿಟಕಿಯಿಂದ ಹೊರಗೆ ನೋಡುವುದು.

ಯೋಚಿಸಿ, ಚರ್ಚಿಸಿ

1. ನಿಮ್ಮ ಮನೆ ಅಥವಾ ಶಾಲೆಯಲ್ಲಿ ‘ಅಳೆ, ಹೋಲಿಸು, ತಿದ್ದು’ ಎಂಬ ಕ್ರಮದಲ್ಲಿ ತಾನಾಗಿ ನಡೆಯುವ ಮೂರು ಸಾಧನಗಳನ್ನು ಗುರುತಿಸಿ. ಅವುಗಳಲ್ಲಿ ಅಳೆಯುವ ಭಾಗ ಯಾವುದು, ತಿದ್ದುವ ಭಾಗ ಯಾವುದು?

2. ನೀರಿನ ತೊಟ್ಟಿಯ ತೇಲುಗುಂಡು ಸಿಕ್ಕಿಕೊಂಡರೆ ಏನಾಗುತ್ತದೆ? ಅದು ಕೆಟ್ಟಿದೆಯೆಂದು ನಿಮಗೆ ಹೇಗೆ ತಿಳಿಯುತ್ತದೆ? ‘ರಾಯಲ್ ಮೆಜೆಸ್ಟಿ’ಯ ಘಟನೆಯೊಡನೆ ಹೋಲಿಸಿ.

3. ಆಳಿಲ್ಲದ ಹಡಗೊಂದು ಮೀನುಗಾರರ ದೋಣಿಗೆ ಢಿಕ್ಕಿ ಹೊಡೆದರೆ ಹೊಣೆ ಯಾರದು? ತರಗತಿಯಲ್ಲಿ ಪರ-ವಿರೋಧ ತಂಡಗಳನ್ನು ಮಾಡಿಕೊಂಡು ವಾದಿಸಿ.

4. ಸಮುದ್ರವಿಲ್ಲದ ಊರಿನಲ್ಲಿ ಹಡಗಿನ ಉಪಕರಣ ಮಾಡುವುದರಿಂದ ಆಗುವ ಅನುಕೂಲಗಳೇನು, ಅನನುಕೂಲಗಳೇನು?